ಮಾಯದ ವ್ರಣವೂ ಹೊಸ ಲೇಪವೂ

ಮಧುಮೇಹವು ಸಿರಿವಂತರ ರೋಗವೆಂದು ಹೇಳುತ್ತಿದ್ದ ಕಾಲವು ಕಳೆದುಹೋಯಿತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರು ಇದಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ತಿಳಿಸಿತು. ಈ ರೋಗವು ಬಲಿತಾಗ ಪಾದದ ನರಗಳು ಜಡವಾಗುವುವು. ಮುಳ್ಳು ಚುಚ್ಚಿದರೂ ನೋವಿಲ್ಲ, ಚಪ್ಪಲಿ ಕಚ್ಚಿದರೂ ಅರಿವಿಲ್ಲ. ಹಾಗೆ ಹುಟ್ಟಿದ ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೀವುಗೂಡಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವುದುಂಟು. ಕೂಲಿಯಿಂದ ಬದುಕುವವನ ಕಾಲು ಹೋದರೆ ಸಂಸಾರದ ಅನ್ನವೇ ಹೋದಂತೆ.

ಇಂತಹ ವ್ರಣಗಳಿಗೆಂದು ವಿಜ್ಞಾನಿಗಳು ಈಗ ಹೈಡ್ರೋಜೆಲ್ ಎಂಬ ಲೋಳೆಯನ್ನು ಸಿದ್ಧಪಡಿಸುತ್ತಿರುವರು. ನೀರಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ವೈದ್ಯಕ್ಕೆ ಒದಗುವ ಇಂತಹ ಲೋಳೆಯನ್ನು ಪ್ರಾಗ್ ನಗರದ ವಿಖ್ಟರ್ಲೆ ಮತ್ತು ಲಿಮ್ ಎಂಬವರು 1960ರಲ್ಲಿ ಜಗತ್ತಿಗೆ ತಿಳಿಸಿದರು. ಗಾಯವು ಒಣಗಿದರೆ ಮಾಯುವುದೆಂಬುದು ಜನರ ನಂಬಿಕೆ. ತೇವವನ್ನು ಕಾಯ್ದ ಗಾಯದ ಮೇಲೆ ಚರ್ಮವು ಸುಮಾರು ಇಮ್ಮಡಿ ವೇಗದಿಂದ ಬೆಳೆಯುವುದೆಂದು 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಗಳ ಮೇಲಣ ಪ್ರಯೋಗದಿಂದ ತೋರಿಸಿದನು. ಸೂಜಿಯಿಂದ ತುಂಬುವ ಹೊಸ ಬಗೆಯ ಲೋಳೆಗಳಲ್ಲಿ ಕೆಲವು ತಂಪಿನಲ್ಲಿ ದ್ರವವಾಗಿದ್ದು, ದೇಹದ ಶಾಖಕ್ಕೆ ಗಟ್ಟಿಯಾಗುವುವು; ಅಂಕುಡೊಂಕಾದ ವ್ರಣದ ಮೂಲೆಮೂಲೆಯನ್ನೂ ಸೇರಿ, ಒಳಗಿರಿಸಿದ ಔಷಧವನ್ನು ಮೆಲ್ಲಮೆಲ್ಲನೆ ಬಿಡಬಲ್ಲುವು. ಇದು ಬರಿಯ ಕನಸಲ್ಲ. ಮೂತ್ರಪಿಂಡದಿಂದ ಇಳಿಯುವ ನಾಳದ ಒಂದು ಬಗೆಯ ಅರ್ಬುದಕ್ಕೆ ಇಂತಹ ಲೋಳೆಯಲ್ಲಿ ಬೆರೆಸಿದ ಔಷಧವನ್ನು ಅಮೆರಿಕದ ಸರಕಾರವು 2020ರಲ್ಲಿ ಅಂಗೀಕರಿಸಿತು. ಪರೀಕ್ಷೆಗೊಳಗಾದ 71 ಮಂದಿಯಲ್ಲಿ 42 ಮಂದಿಯ ಗೆಡ್ಡೆಯು ಕಾಣದಂತಾಗಿತ್ತು.

ಆದರೆ ಪಾದದ ವ್ರಣದ ಮಾತೇ ಬೇರೆ. ಅದಕ್ಕಾಗಿ ಮಾಡಿದ ಲೋಳೆಗಳ ಪರೀಕ್ಷೆಯು ಬಹುಮಟ್ಟಿಗೆ ಇಲಿಗಳ ಮೇಲೆ ನಡೆದಿದೆ. ಇಲಿಯ ಸಡಿಲವಾದ ಚರ್ಮವು ಸುತ್ತಲಿಂದ ಸೆಳೆದುಕೊಂಡು ಗಾಯವನ್ನು ಮುಚ್ಚುವುದು. ಮನುಷ್ಯನ ಅಂಗಾಲು ಹಾಗೆ ಮಾಡಲಾರದು. 1997ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಬೆಕಾಪ್ಲರ್ಮಿನ್ ಎಂಬ ಲೇಪದ ಚರಿತ್ರೆಯು ಇಲ್ಲಿ ಮನನೀಯವಾದುದು. ಒಂದು ಮುಖ್ಯ ಪರೀಕ್ಷೆಯಲ್ಲಿ ಆ ಲೇಪವನ್ನು ಹಚ್ಚಿದವರಲ್ಲಿ 100ಕ್ಕೆ 50 ಮಂದಿಗೆ 20 ವಾರಗಳೊಳಗೆ ವ್ರಣವು ಮಾಯಿತು. ಔಷಧವಿಲ್ಲದ ಬರಿಯ ಲೋಳೆಯೊಡನೆ ಒಳ್ಳೆಯ ಶುಶ್ರೂಷೆ ಪಡೆದವರಲ್ಲಿ 100ಕ್ಕೆ 35 ಮಂದಿಗೆ ಮಾಯಿತು. ಲೇಪದಿಂದ ಲಾಭವಿತ್ತೆಂಬುದು ನಿಜ. ಶುಶ್ರೂಷೆಯ ಲಾಭವು ಅದಕ್ಕಿಂತ ಹಿರಿದೆಂಬುದೂ ಅಷ್ಟೇ ನಿಜ.

ಆ ಶುಶ್ರೂಷೆಯ ಮುಖ್ಯ ಪಾಠವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಕುಷ್ಠರೋಗಿಗಳ ಪಾದದ ಹುಣ್ಣಿಗೆ ಮಾಂಸದ ದೋಷವು ಕಾರಣವಲ್ಲ, ನೋವರಿಯದ ಪಾದವನ್ನು ಊರಿ ನಡೆಯುವ ಒತ್ತಡವೇ ಕಾರಣವೆಂಬುದನ್ನು ವೆಲ್ಲೂರಿನ ಆಸ್ಪತ್ರೆಯಲ್ಲಿದ್ದ ಪಾಲ್ ಬ್ರಾಂಡ್ ವೈದ್ಯರು ಮನಗಾಣಿಸಿದರು. ಪಾದಕ್ಕೆ ಪ್ಲಾಸ್ಟರು ಕಟ್ಟಿ ಭಾರವನ್ನು ಹಂಚುವುದು, ಮೆತ್ತನೆಯ ರಬ್ಬರಿನ ಪಾದರಕ್ಷೆ ತೊಡಿಸುವುದು, ಇವು ಅವರು ಅನುಸರಿಸಿದ ಉಪಾಯಗಳು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಅದೇ ಕ್ರಮವು ಮಧುಮೇಹಿಗಳ ಕಾಲನ್ನೂ ಉಳಿಸಿತು. ನಮ್ಮ ನೆಲದಲ್ಲಿ ಪಳಗಿದ ಆ ವಿದ್ಯೆಯು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ದುರ್ಲಭವಾಗಿರುವುದು ವಿಷಾದಕರವಲ್ಲವೇ?

ಹೊಸ ಸಂಶೋಧನೆಯು ನಿಲ್ಲಬೇಕೆಂದು ನಾವು ಹೇಳುವುದಿಲ್ಲ. ಅದು ಇನ್ನೂ ಭರದಿಂದ ನಡೆಯಲಿ. ಇಂತಹ ಲೋಳೆಗೆ ಒದಗುವ ಕೈಟೋಸಾನ್ ಎಂಬ ವಸ್ತುವನ್ನು ಸಿಗಡಿಯ ಚಿಪ್ಪಿನಿಂದ ತೆಗೆಯುವರು. ಹೊರದೇಶಗಳಿಗೆ ಹೇರಳವಾಗಿ ಸಿಗಡಿಯನ್ನು ಕಳುಹಿಸುವ ನಮಗೆ ಚಿಪ್ಪಿನ ಬಡತನವಿಲ್ಲ. ನಮ್ಮ ಪ್ರಯೋಗಶಾಲೆಗಳು ಅಗ್ಗದ ಲೇಪವನ್ನು ಮಾಡಲಿ. ಅದನ್ನು ಒಳ್ಳೆಯ ಶುಶ್ರೂಷೆಯೊಡನೆ ಹೋಲಿಸಿ ಮನುಷ್ಯರಲ್ಲಿ ಪರೀಕ್ಷಿಸಿದ ಬಳಿಕವೇ ಮಾರಲಿ. ಸರಕಾರವಾದರೋ ಆ ದಿನಕ್ಕಾಗಿ ಕಾಯತಕ್ಕದ್ದಲ್ಲ. ಪಾದಪರೀಕ್ಷೆ, ಪ್ಲಾಸ್ಟರು, ತಕ್ಕ ಪಾದರಕ್ಷೆ, ಇವು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಬಡವನಿಗೆ ಇಂದೇ ದೊರೆಯಬೇಕು. ಮಧುಮೇಹವುಳ್ಳ ವಾಚಕರೂ ಪ್ರತಿರಾತ್ರಿ ಮಲಗುವ ಮುನ್ನ ತಮ್ಮ ಅಂಗಾಲನ್ನು ಒಮ್ಮೆ ನೋಡಿಕೊಳ್ಳಲಿ. ಊರಿ ನಡೆಯುವುದನ್ನು ಬಿಡದ ಹುಣ್ಣಿಗೆ ಎಷ್ಟು ಬೆಲೆಯ ಲೇಪವನ್ನು ತುಂಬಿದರೂ ಅದು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಸರಿ.