ಜಗಳಕ್ಕೊಂದು ಕಟ್ಟುಪಾಡು

ಲ್ಯಾಟಿನ್ ಅಮೆರಿಕದ ಮನೋವಿಶ್ಲೇಷಕಿಯೊಬ್ಬರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗೆ, ಸದ್ಯದಲ್ಲೇ ಒಂದು ದಿನದ ಭೇಟಿಯನ್ನು ರದ್ದು ಮಾಡಬೇಕಾಗಿದೆ ಎಂದು ತಿಳಿಸಿದರು. ಮರುಸಲ ಬಂದ ರೋಗಿಯದು ಮಾತಿಲ್ಲ ಕತೆಯಿಲ್ಲ. ಚಿಕಿತ್ಸಕಿ ಮೆಲಾನಿ ಕ್ಲೈನ್ ಪಂಥದವರು. ಆ ಪಂಥದ ಭಾಷೆಯಲ್ಲೇ ವಿವರಿಸಿದರು. ಭೇಟಿ ತಪ್ಪುತ್ತದೆಂದು ಹೇಳಿದ ಗಳಿಗೆಯಿಂದ ನಾನು ನಿಮ್ಮ ಪಾಲಿಗೆ ಬೆಚ್ಚಗೆ ಹಾಲೂಡುವ ಒಳ್ಳೆಯ ಮೊಲೆಯಾಗಿ ಉಳಿಯಲಿಲ್ಲ, ಹಾಲು ಕೊಡದ ಕೆಟ್ಟ ಮೊಲೆಯಾಗಿಬಿಟ್ಟೆ. ಕಚ್ಚಿಬಿಡಬೇಕೆನ್ನುವ ಸಿಟ್ಟು ನಿಮಗೆ ಬಂದಿದೆ, ಅದನ್ನು ತಡೆಯಲೆಂದೇ ಬಾಯಿ ಬಿಗಿಹಿಡಿದಿದ್ದೀರಿ ಎಂಬುದು ಅವರ ಮಾತಿನ ಸಾರ. ಹೊರಗಿನವರು ಕೇಳಿದರೆ ಹುಬ್ಬೇರಿಸಿಯಾರು. ರೋಗಿ ಹುಬ್ಬೇರಿಸಲಿಲ್ಲ. ಬಿಗಿ ಸಡಿಲಿತು, ಮಾತು ಹೊರಟಿತು.

ಈ ಪ್ರಸಂಗವನ್ನು ಬರೆದಿಟ್ಟವರು ಷಿಕಾಗೋದ ಹೈನ್ಸ್ ಕೊಹುಟ್. 1981ರಲ್ಲಿ ಅವರು ತೀರಿಕೊಂಡ ಮೇಲೆ, 1984ರಲ್ಲಿ ಹೊರಬಂದ ಪುಸ್ತಕದಲ್ಲಿ ಇದು ಬರುತ್ತದೆ. ಕೊಹುಟ್ ಕ್ಲೈನ್ ಪಂಥವನ್ನು ಒಪ್ಪಿದವರಲ್ಲ. 'ಸೆಲ್ಫ್ ಸೈಕಾಲಜಿ' ಎಂಬ ತಮ್ಮದೇ ಪಂಥ ಕಟ್ಟಿದವರು. ಅವರು ಹೇಳುವುದು ಇಷ್ಟು: ಅದೇ ರೋಗಿಯ ಎದುರು ಸಾಂಪ್ರದಾಯಿಕ ಫ್ರಾಯ್ಡ್‌ವಾದಿ ಕೂತಿದ್ದರೆ, ತಾಯಿ ಮಗುವನ್ನು ಹೊರಗಿಟ್ಟು ತಂದೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಕತೆ ಹೇಳುತ್ತಿದ್ದರು. ತಾವಾಗಿದ್ದರೆ, ಯಾರ ಆಸರೆಯಲ್ಲಿ ರೋಗಿಯ ತಾನೆನ್ನುವ ಭಾವ ನಿಂತಿತ್ತೋ ಆ ಆಸರೆ ಕಳಚಿತು ಎನ್ನುತ್ತಿದ್ದರು. ಮೂರರಲ್ಲಿ ಯಾವುದನ್ನು ಹೇಳಿದ್ದರೂ ಕೆಲಸವಾಗುತ್ತಿತ್ತು. ಏಕೆಂದರೆ ಮೂರರ ತಳದಲ್ಲೂ ಇರುವುದು ಒಂದೇ ಸಂಗತಿ: ನಿಮಗೆ ನೋವಾಗಿದೆ, ನೋವಾದದ್ದು ನನ್ನಿಂದ, ಅದು ನನಗೆ ಗೊತ್ತಾಗಿದೆ. ಅದನ್ನು ಆ ಚಿಕಿತ್ಸಕಿ ಅಕ್ಕರೆಯ ದನಿಯಲ್ಲಿ ಹೇಳಿದ್ದರು. ಕ್ಲೈನ್ ಪಂಥದ ಸಿದ್ಧಾಂತ ತಪ್ಪು, ಆದರೆ ರೋಗಿಗೆ ಮುಟ್ಟಿದ ಸಂದೇಶ ಸರಿ ಎಂಬುದು ಕೊಹುಟ್ ತೀರ್ಪು. ಔದಾರ್ಯದ ನಡುವೆಯೂ ತಮ್ಮ ಸಿದ್ಧಾಂತವೇ ಮೇಲು ಎನ್ನುವುದನ್ನು ಅವರು ಬಿಟ್ಟುಕೊಡಲಿಲ್ಲ ಅನ್ನಿ.

ಈ ಪ್ರಸಂಗವನ್ನು ಎತ್ತಿಕೊಂಡು ದೊಡ್ಡ ಪ್ರಶ್ನೆ ಕೇಳಿದವರು ರಾಬರ್ಟ್ ವಾಲರ್‌ಸ್ಟೈನ್. ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಂಘದ ಅಧ್ಯಕ್ಷರಾಗಿ 1987ರಲ್ಲಿ ಮಾಂಟ್ರಿಯಲ್ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣದ ತಲೆಬರಹವೇ ಪ್ರಶ್ನೆ: ಮನೋವಿಶ್ಲೇಷಣೆ ಒಂದೋ, ಹಲವೋ? ಆ ಹೊತ್ತಿಗೆ ಫ್ರಾಯ್ಡ್ ಮನೆತನದ ಕವಲುಗಳು ಲೆಕ್ಕ ತಪ್ಪುವಷ್ಟಾಗಿದ್ದವು. ಅಮೆರಿಕದಲ್ಲಿ 'ಈಗೋ' ಪಂಥ, ಲಂಡನ್ನಿನಲ್ಲಿ ಕ್ಲೈನ್, ಬಯಾನ್, ವಿನಿಕಾಟ್, ಪ್ಯಾರಿಸ್ಸಿನಲ್ಲಿ ಲಕಾಂ, ಷಿಕಾಗೋದಲ್ಲಿ ಕೊಹುಟ್. ವಾಲರ್‌ಸ್ಟೈನ್ ಕೊಟ್ಟ ಉತ್ತರ ಜಾಣತನದ್ದು. ಶೈಶವದ ಮನಸ್ಸು ಹೀಗಿತ್ತು ಹಾಗಿತ್ತು ಎನ್ನುವ ಮಹಾಸಿದ್ಧಾಂತಗಳೆಲ್ಲ ರೂಪಕಗಳು. ಅವನ್ನು ಪರೀಕ್ಷಿಸಿ ಸರಿ ತಪ್ಪು ಹೇಳುವ ದಾರಿ ಸದ್ಯಕ್ಕಿಲ್ಲ. ಕೆಳಗಿಳಿದು ಚಿಕಿತ್ಸೆಯ ಕೋಣೆಗೆ ಬಂದರೆ ಎಲ್ಲರೂ ನೋಡುವುದು ಅದನ್ನೇ: ರೋಗಿ ತನ್ನ ಹಳೆಯ ಸಂಬಂಧಗಳ ಪ್ರೀತಿ, ಸಿಟ್ಟು, ಭಯಗಳನ್ನು ಚಿಕಿತ್ಸಕರ ಮೇಲೆ ಹೊರಿಸುತ್ತಾನೆ, ಅಂದರೆ ಟ್ರಾನ್ಸ್‌ಫರೆನ್ಸ್, ಗೊತ್ತಾಗಬೇಕಾದದ್ದು ಗೊತ್ತಾಗದಂತೆ ತಡೆಯೊಡ್ಡುತ್ತಾನೆ, ಒಳಗೊಳಗೇ ಬಡಿದಾಡುತ್ತಾನೆ. ಸಮಾನ ನೆಲ ಇರುವುದು ಇಲ್ಲಿ ಎಂದರು.

ಇದು ವೇದಿಕೆಗೆಂದು ಹೊಳೆದ ಸೌಹಾರ್ದದ ಮಾತಲ್ಲ. ಕ್ಯಾನ್ಸಸ್‌ನ ಟೊಪೀಕಾ ಊರಿನ ಮೆನಿಂಜರ್ ಸಂಸ್ಥೆಯಲ್ಲಿ 42 ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರ ಕತೆಯನ್ನು ಅವರು ಹಿಂದಿನ ವರ್ಷವಷ್ಟೇ ಪುಸ್ತಕ ಮಾಡಿದ್ದರು. ಅವರಲ್ಲಿ ಅರ್ಧ ಜನಕ್ಕೆ ಪೂರ್ಣ ಪ್ರಮಾಣದ ಮನೋವಿಶ್ಲೇಷಣೆ, ಉಳಿದರ್ಧಕ್ಕೆ ಬೇರೆ ಮನೋಚಿಕಿತ್ಸೆ. ಕಂಡದ್ದೇನೆಂದರೆ, ಹಣೆಪಟ್ಟಿ ಏನೇ ಇರಲಿ, ಕೋಣೆಯೊಳಗೆ ಚಿಕಿತ್ಸೆಗಳು ಒಂದರೊಳಗೊಂದು ಬೆರೆತುಹೋಗಿದ್ದವು. ಒಳನೋಟವೇ ಮದ್ದು ಎಂದು ನಂಬಿದ್ದ ಕಡೆಯೂ ಆಸರೆ, ಧೈರ್ಯ, ನಂಬಿಕೆ ಕೊಡುವ ಕೆಲಸವೇ ಎಣಿಸಿದ್ದಕ್ಕಿಂತ ಹೆಚ್ಚು ಗುಣ ಮಾಡಿತ್ತು. ಇದನ್ನು ಕಣ್ಣಾರೆ ಕಂಡವರಿಗೆ ಪಂಥದ ಬಾವುಟಗಳ ಮೇಲೆ ಅಷ್ಟಾಗಿ ಗೌರವ ಉಳಿಯದಿದ್ದರೆ ಆಶ್ಚರ್ಯವಿಲ್ಲ.

ಆದರೂ ವಾಲರ್‌ಸ್ಟೈನ್ ಮಾತು ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಮೂರು ವ್ಯಾಖ್ಯೆಗಳೂ ಒಂದೇ ಎಂದಾದರೆ ವ್ಯಾಖ್ಯೆಯೇ ಏಕೆ ಬೇಕು? 'ನಿಮಗೆ ನೋವಾಗಿದೆ' ಎಂದು ಅಕ್ಕರೆಯಿಂದ ಹೇಳಲು ವರ್ಷಗಟ್ಟಲೆ ತರಬೇತಿ ಬೇಡ. ಒಳ್ಳೆಯ ಸೋದರತ್ತೆ ಸಾಕು. ಒಂದು ದಿನದ ಮಟ್ಟಿಗೆ ಕೊಹುಟ್ ಹೇಳಿದ್ದು ಸರಿಯಿರಬಹುದು. ಆದರೆ ನಾಲ್ಕೈದು ವರ್ಷ ನಡೆಯುವ ಚಿಕಿತ್ಸೆಯಲ್ಲಿ ಚಿಕಿತ್ಸಕರ ಕಿವಿ ಯಾವುದಕ್ಕೆ ನಿಮಿರುತ್ತದೋ ರೋಗಿಯ ಬಾಯಲ್ಲಿ ಅದೇ ಹೆಚ್ಚು ಬರತೊಡಗುತ್ತದೆ. ಸಿಟ್ಟನ್ನು ಹುಡುಕುವವರಿಗೆ ಸಿಟ್ಟು, ಪೆಟ್ಟು ತಿಂದ ಸ್ವಾಭಿಮಾನವನ್ನು ಹುಡುಕುವವರಿಗೆ ಅದು. ಫ್ರೆಂಚ್ ವಿಶ್ಲೇಷಕ ಆಂದ್ರೆ ಗ್ರೀನ್ 2005ರಲ್ಲಿ, ಈ ಸಮಾನ ನೆಲವೇ ಒಂದು ಭ್ರಮೆ ಎಂದು ಬರೆದರು. ಖಾರವಾದ ಬರಹ, ಆದರೆ ತಳ್ಳಿಹಾಕುವಂಥದ್ದಲ್ಲ. ಎಲ್ಲರೂ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆಂದ ಮಾತ್ರಕ್ಕೆ ಎಲ್ಲರೂ ಅದನ್ನೇ ನೋಡುತ್ತಿದ್ದಾರೆ ಎನ್ನಲಾಗದು.

ಸರಿ, ಸಿದ್ಧಾಂತದಲ್ಲೂ ನೆಲವಿಲ್ಲ, ಕೋಣೆಯಲ್ಲೂ ಅರ್ಧವೇ ನೆಲ ಎಂದಾದರೆ ಇವರು ಒಂದೇ ಸಂಘದಲ್ಲಿ ಬಾಳುವುದು ಹೇಗೆ? ಇದಕ್ಕೆ ಲಂಡನ್ನಿನ ಕತೆ ನೋಡಬೇಕು.

ಕ್ಲೈನ್ 1926ರಲ್ಲಿ ಬ್ರಿಟಿಷ್ ವಿಶ್ಲೇಷಕ ಅರ್ನೆಸ್ಟ್ ಜೋನ್ಸ್ ಕರೆದರೆಂದು ಬರ್ಲಿನ್ ಬಿಟ್ಟು ಲಂಡನ್ನಿಗೆ ಬಂದು ನೆಲೆಯಾದವರು. ಮಗುವಿನ ಆಟ ದೊಡ್ಡವರ ಮಾತಿಗೆ ಸಮ. ಚಿಕ್ಕ ಚಿಕ್ಕ ಆಟಿಕೆಗಳನ್ನು ಮುಂದಿಟ್ಟು, ಮೊದಲ ದಿನದಿಂದಲೇ ಆ ಆಟದ ಒಳಗುಟ್ಟನ್ನು ಮಗುವಿಗೆ ಹೇಳಬೇಕು ಎಂಬುದು ಅವರ ಪಟ್ಟು. ವಿಯೆನ್ನಾದಲ್ಲಿದ್ದ ಫ್ರಾಯ್ಡ್ ಮಗಳು ಆನಾ ಫ್ರಾಯ್ಡ್‌ಗೆ ಇದು ದುಡುಕು. ಮಗುವಿಗೆ ನಿಜವಾದ ಅಪ್ಪ ಅಮ್ಮ ಮನೆಯಲ್ಲೇ ಇದ್ದಾರೆ, ಅದು ದೊಡ್ಡವರಂತೆ ಟ್ರಾನ್ಸ್‌ಫರೆನ್ಸ್ ಮಾಡದು. ಮೊದಲು ಮಗುವಿನ ವಿಶ್ವಾಸ ಗಳಿಸಬೇಕು, ತುಸು ಮೇಷ್ಟ್ರ ಕೆಲಸವನ್ನೂ ಮಾಡಬೇಕು ಎಂದು 1927ರಲ್ಲೇ ಬರೆದಿದ್ದರು. ನಡುವೆ ಸಮುದ್ರ ಇರುವ ತನಕ ಜಗಳ ಕಾಗದದ ಮೇಲಿತ್ತು. 1938ರಲ್ಲಿ ಹಿಟ್ಲರ್ ವಿಯೆನ್ನಾ ನುಂಗಿದಾಗ ಅದೇ ಜೋನ್ಸ್ ಓಡಾಡಿ ಫ್ರಾಯ್ಡ್ ಕುಟುಂಬವನ್ನು ಲಂಡನ್ನಿಗೆ ಕರೆತಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ಫ್ರಾಯ್ಡ್ ಕಣ್ಮುಚ್ಚಿದರು. ಮುಂದಿನದು ಯಜಮಾನ ಹೋದ ಮನೆಯಲ್ಲಿ ನಡೆಯುವ ಪಾಲಿನ ರಗಳೆಯಂತೆಯೇ ಇತ್ತು. ಫ್ರಾಯ್ಡ್ ಬಿಟ್ಟುಹೋದದ್ದಕ್ಕೆ ನಿಜವಾದ ಹಕ್ಕುದಾರರು ಯಾರು? ಕ್ಲೈನ್ ಅವರ ಸ್ವಂತ ಮಗಳು, ತಾನೂ ವಿಶ್ಲೇಷಕಿಯಾಗಿದ್ದ ಮೆಲಿಟಾ ಶ್ಮಿಡೆಬರ್ಗ್, ತುಂಬಿದ ಸಭೆಯಲ್ಲಿ ತಾಯಿಯ ಮೇಲೆ ಹರಿಹಾಯುತ್ತಿದ್ದರು. ಇನ್ನೊಂದೆಡೆ ಆನಾ, ತಂದೆಯಿಂದಲೇ ವಿಶ್ಲೇಷಣೆಗೆ ಒಳಗಾದ ಮಗಳು. ಮನಸ್ಸಿನ ಗಂಟು ಬಿಡಿಸುವವರಿಗೆ ಮನೆಯ ಗಂಟು ಬಿಡಿಸಲು ಬರಲಿಲ್ಲ ಎಂದು ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಆದರೆ ಆಮೇಲೆ ಅವರು ಮಾಡಿದ್ದು ನಗುವಂಥದ್ದಲ್ಲ.

ಅವರು ಜಗಳಕ್ಕೊಂದು ಕಟ್ಟುಪಾಡು ಹಾಕಿಕೊಂಡರು. 1943ರ ಜನವರಿಯಿಂದ 1944ರವರೆಗೆ, ಯುದ್ಧದ ನಡುವೆಯೇ, ಸಭೆ ಮೇಲೆ ಸಭೆ. ಕ್ಲೈನ್ ಪಕ್ಷದವರು ತಮ್ಮ ಸಿದ್ಧಾಂತವನ್ನು ಪ್ರಬಂಧವಾಗಿ ಬರೆದು ಮೊದಲೇ ಹಂಚಬೇಕು, ಉಳಿದವರು ಓದಿಕೊಂಡು ಬಂದು ಪ್ರಶ್ನಿಸಬೇಕು, ಆಡಿದ್ದೆಲ್ಲ ದಾಖಲಾಗಬೇಕು. ಎಳೆಗೂಸಿನ ಮನಸ್ಸಿನಲ್ಲಿ ಮೂಡುವ ಕಲ್ಪನೆಗಳ ಬಗ್ಗೆ ಸೂಸನ್ ಐಸಾಕ್ಸ್ ಬರೆದ ಮೊದಲ ಪ್ರಬಂಧದ ಚರ್ಚೆಯೇ ತಿಂಗಳುಗಟ್ಟಲೆ ಎಳೆಯಿತು. ಒಮ್ಮೆ ಹೊರಗೆ ಬಾಂಬ್ ದಾಳಿ ನಡೆದಿದ್ದರೂ ಒಳಗೆ ವಾದ ನಿಲ್ಲದಿದ್ದಾಗ ವಿನಿಕಾಟ್ ಎದ್ದುನಿಂತು ದಾಳಿ ನಡೆಯುತ್ತಿದೆ ಎಂದು ನೆನಪಿಸಬೇಕಾಯಿತಂತೆ. ಆಗಲೂ ಯಾರೂ ಕಿವಿಗೊಡಲಿಲ್ಲವಂತೆ. ಕ್ಲೈನ್ ಅವರ ಕಡುವಿರೋಧಿ ಎಡ್ವರ್ಡ್ ಗ್ಲೋವರ್ 1944ರಲ್ಲಿ ರಾಜೀನಾಮೆ ಎಸೆದು ನಡೆದರು. ಕೊನೆಗೆ 1946ರಲ್ಲಿ ಕ್ಲೈನ್, ಆನಾ ಫ್ರಾಯ್ಡ್ ಮತ್ತು ಆಗಿನ ಅಧ್ಯಕ್ಷೆ ಸಿಲ್ವಿಯಾ ಪೇನ್, ಈ ಮೂವರು ಹೆಂಗಸರ ನಡುವೆ ಏರ್ಪಟ್ಟದ್ದಕ್ಕೆ 'ಜಂಟಲ್‌ಮನ್ಸ್ ಅಗ್ರಿಮೆಂಟ್' ಎಂದು ಹೆಸರು.

ಆ ಒಪ್ಪಂದದಲ್ಲಿ ಸಿದ್ಧಾಂತದ ಒಂದು ಅಕ್ಷರವೂ ಇಲ್ಲ. ಯಾರು ಯಾರಿಗೆ ಕಲಿಸಬೇಕು, ಯಾವ ಸಮಿತಿಯಲ್ಲಿ ಯಾರ ಕಡೆಯವರು ಇರಬೇಕು, ಇಷ್ಟೇ. ತರಬೇತಿಗೆ ಎರಡು ದಾರಿ. ಆದರೆ ವಿದ್ಯಾರ್ಥಿಯ ಮೊದಲ ರೋಗಿಯ ಮೇಲ್ವಿಚಾರಣೆಗೆ ಸ್ವಪಕ್ಷದ ಹಿರಿಯರು ಬಂದರೆ, ಎರಡನೆಯ ರೋಗಿಗೆ ಎರಡೂ ಕಡೆ ಸೇರದ ಮಧ್ಯದ ಗುಂಪಿನವರು. ಹೆಸರಿಗೆ ಸಣ್ಣ ನಿಯಮ. ನನ್ನ ಪ್ರಕಾರ ಇಡೀ ಕತೆಯ ತಿರುಳು ಅದರಲ್ಲಿದೆ: ನೀನು ಯಾವ ಗುರುವನ್ನಾದರೂ ನಂಬು, ಆದರೆ ನಿನ್ನ ಒಬ್ಬ ರೋಗಿಯನ್ನಾದರೂ ಆ ಗುರುವಿನ ಶಿಷ್ಯರಲ್ಲದವರ ಕಣ್ಣೆದುರು ಇಡಬೇಕು. ಈ ವ್ಯವಸ್ಥೆ ಸುಮಾರು ಆರು ದಶಕ ಬಾಳಿತು. ಅಮೆರಿಕದಲ್ಲೂ ಫ್ರಾನ್ಸಿನಲ್ಲೂ ಸಂಘಗಳು ಒಡೆದು ಹೋಳಾದವು, ಲಂಡನ್ನಿನದು ಒಡೆಯಲಿಲ್ಲ.

ಒಡೆಯದೆ ಉಳಿದದ್ದರ ಫಲವೇನು? ಗೋಡೆಯಾಚೆಯ ವಿಚಾರಗಳು ಸದ್ದಿಲ್ಲದೆ ಈಚೆಗೆ ನುಸುಳಿದವು. ರೋಗಿಯ ಎದುರು ಚಿಕಿತ್ಸಕರಲ್ಲಿ ಏಳುವ ಬೇಸರ, ಸಿಟ್ಟು, ಮಮತೆಗಳನ್ನು ಫ್ರಾಯ್ಡ್ ಅಡಚಣೆ ಎಂದು ಕಂಡಿದ್ದರು. ಕ್ಲೈನ್ ಬಳಗದ ಪೌಲಾ ಹೈಮನ್ 1950ರ ಲೇಖನದಲ್ಲಿ, ಅಡಚಣೆಯಲ್ಲ, ರೋಗಿಯ ಮನಸ್ಸನ್ನು ತಿಳಿಯುವ ಸಾಧನವೇ ಅದು ಎಂದರು. ಕ್ಲೈನ್‌ಗೆ ಇದು ಹಿಡಿಸಲಿಲ್ಲ. ಕೆಲ ವರ್ಷಗಳಲ್ಲಿ ಹೈಮನ್ ಆ ಬಳಗವನ್ನೇ ಬಿಟ್ಟರು. ಇಂದು ಕ್ಲೈನ್ ಪಂಥದವರೂ ಸೇರಿ ಹೆಚ್ಚಿನ ಪಂಥಗಳು ಬಳಸುವುದು ಹೈಮನ್ ಮಾತನ್ನೇ. ಇನ್ನೊಂದು ದಂಡೆಯಿಂದ, ಆನಾ ಫ್ರಾಯ್ಡ್ ಜೊತೆ ದುಡಿದ ಜೋಸೆಫ್ ಸ್ಯಾಂಡ್ಲರ್ 1976ರಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಬಂದರು: ರೋಗಿ ತನಗೆ ಗೊತ್ತಿಲ್ಲದೆ ಚಿಕಿತ್ಸಕರಿಗೊಂದು ಪಾತ್ರ ಹಂಚುತ್ತಾನೆ, ಚಿಕಿತ್ಸಕರು ಗೊತ್ತಿಲ್ಲದೆ ಅದನ್ನು ಆಡಿಬಿಡುತ್ತಾರೆ, ಆಡಿದ್ದನ್ನು ಗಮನಿಸಿದರೆ ರೋಗಿಯ ಮನಸ್ಸು ತಿಳಿಯುತ್ತದೆ. ಇಂಥ ಕೂಡುದಾರಿಯನ್ನು ಯಾವ ಸಮ್ಮೇಳನದ ಠರಾವೂ ಹಾಕಿಕೊಟ್ಟದ್ದಲ್ಲ.

ಜಗಳವೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಕಲ್ಕತ್ತೆಯಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ಪ್ರತಿಯೊಂದು ಬಯಕೆಯ ಜೊತೆಗೂ ಅದರ ವಿರುದ್ಧದ ಬಯಕೆ ಅವಿತಿರುತ್ತದೆ ಎಂಬ ಸ್ವಂತ ಸಿದ್ಧಾಂತವನ್ನು ಫ್ರಾಯ್ಡ್ ಮುಂದಿಟ್ಟರು. ತಮ್ಮ ಭಾರತೀಯ ರೋಗಿಗಳಲ್ಲಿ ಗಂಡಸು ಹೆಣ್ಣಾಗಬಯಸುವ ಆಸೆ ಎದ್ದು ಕಾಣುತ್ತದೆ ಎಂದೂ ಬರೆದರು. ಫ್ರಾಯ್ಡ್ ಮರ್ಯಾದೆಯಿಂದ ಉತ್ತರಿಸಿದರು. ಅವರ 75ನೆಯ ಹುಟ್ಟುಹಬ್ಬಕ್ಕೆ ಕಲ್ಕತ್ತೆಯವರು ಕಳಿಸಿದ ದಂತದ ವಿಷ್ಣು ವಿಗ್ರಹ ಅವರ ಮೇಜನ್ನೂ ಏರಿತು. ಆದರೆ ಬೋಸ್ ಸಿದ್ಧಾಂತದ ಮೇಲೆ ಯುರೋಪಿನಲ್ಲಿ ಲಂಡನ್ನಿನಂಥ ಒಂದು ರಾತ್ರಿಯ ವಾದವೂ ನಡೆಯಲಿಲ್ಲ. ಆನಾ ಮತ್ತು ಕ್ಲೈನ್ ಒಬ್ಬರನ್ನೊಬ್ಬರು ದ್ವೇಷಿಸುವಷ್ಟಾದರೂ ಓದಿಕೊಂಡಿದ್ದರು. ಬೋಸ್ ಅವರಿಗೆ ಸಿಕ್ಕಿದ್ದು ನಯವಾದ ಪತ್ರಗಳು.

ಸ್ಯಾಂಡ್ಲರ್ 1983ರಲ್ಲಿ ಬರೆದ ಇನ್ನೊಂದು ಲೇಖನವಿದೆ. ಚಿಕಿತ್ಸಕರ ತಲೆಯಲ್ಲಿ ಪುಸ್ತಕದ ಸಿದ್ಧಾಂತದ ಹಿಂದೆ, ಅನುಭವದಿಂದ ತಾನಾಗಿ ಹುಟ್ಟಿದ ಖಾಸಗಿ ಸಿದ್ಧಾಂತಗಳಿರುತ್ತವೆ. ಅವು ಒಂದಕ್ಕೊಂದು ಹೊಂದದಿದ್ದರೂ ಕೆಲಸಕ್ಕೆ ಬರುತ್ತವೆ. ಆದರೆ ಸಹೋದ್ಯೋಗಿಗಳು ಇದು ಮನೋವಿಶ್ಲೇಷಣೆಯೇ ಅಲ್ಲ ಎಂದಾರು ಎಂಬ ಭಯಕ್ಕೆ ಅವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಾಲರ್‌ಸ್ಟೈನ್ ಹುಡುಕಿದ ನೆಲ ಇರುವುದಾದರೆ ಈ ಹೇಳದೆ ಉಳಿದ ಜಾಗದಲ್ಲೇ ಇರಬೇಕು ಎಂದು ನನ್ನ ಗುಮಾನಿ.

ಯುರೋಪಿನ ವಿಶ್ಲೇಷಕರು ಈ ಶತಮಾನದ ಆರಂಭದಿಂದ ಆ ಹೇಳದೆ ಉಳಿದದ್ದನ್ನು ಹೊರಗೆಳೆಯಲೂ ಒಂದು ಪ್ರಯೋಗ ನಡೆಸುತ್ತಿದ್ದಾರೆ. ಡೇವಿಡ್ ಟಕೆಟ್ ಮುಂದಾಳತ್ವದಲ್ಲಿ, ಬೇರೆ ಬೇರೆ ಪಂಥದ ಹತ್ತಾರು ಜನ ಒಂದೆಡೆ ಕೂರುತ್ತಾರೆ. ಒಬ್ಬರು ತಮ್ಮ ರೋಗಿಯೊಂದಿಗೆ ನಡೆದ ಮಾತುಕತೆಯನ್ನು ಸಾಲು ಸಾಲಾಗಿ ಓದುತ್ತಾರೆ. ಅವರು ಆಡಿದ ಒಂದೊಂದು ಮಾತೂ ಏನು ಮಾಡಲು ಹೊರಟಿತ್ತು ಎಂದು ಉಳಿದವರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಶುರುವಿನಲ್ಲಿ ಇದು ಕೈಕೊಟ್ಟಿತು. ಕೂತವರೆಲ್ಲ ಓದಿದವರಿಗೆ ಪಾಠ ಹೇಳಲು, ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ ಎನ್ನಲು ತೊಡಗಿದರು. ಹಾಗಾಗಿ ಅಲ್ಲೂ ಒಂದು ಕಟ್ಟುಪಾಡು ಬಂತು: ಇಲ್ಲಿ ಯಾರೂ ಮೇಲ್ವಿಚಾರಕರಲ್ಲ, ಎದುರಿನವರು ತಪ್ಪು ಮಾಡಿದರೋ ಎನ್ನುವುದಲ್ಲ ಪ್ರಶ್ನೆ, ಅವರು ಯಾವ ನಂಬಿಕೆಯಿಂದ ಹಾಗೆ ಮಾಡಿದರು ಎನ್ನುವುದು.