ಹಳೇ ಬಂಗಲೆ ಅಂದ್ರೆ ಬರೀ ದೆವ್ವವೇ?

ನಮ್ಮ ಸಿನಿಮಾದವರಿಗೆ ಹಳೇ ಬಂಗಲೆ ಸಿಕ್ಕರೆ ಎರಡೇ ಉಪಯೋಗ. ಮಹಡಿ ಮೇಲೆ ಬಿಳಿ ಸೀರೆಯ ದೆವ್ವ, ಕೆಳಗೆ ಪೈಪು ಸೇದುವ ವಿಲನ್! ಅಲ್ಲಿ ಸಂಸಾರವೊಂದಿತ್ತು, ಒಲೆ ಮೇಲೆ ಸಾರು ಕುದೀತಿತ್ತು ಅನ್ನೋದು ಯಾವ ಡೈರೆಕ್ಟರಿಗೂ ಹೊಳೆಯೋದಿಲ್ಲ.

ಒಂದು ಭಾನುವಾರ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ. ವಿಜಯನಗರದ ಗೆಳೆಯ ದಾರಿಯಲ್ಲಿ ಸೇರಿಕೊಳ್ಳಲಿ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ರೈಲು ವೈಟ್‌ಫೀಲ್ಡ್ ತನಕ ಒಂದೇ ಓಟ. ಇಳಿದು 'ಇನ್ನರ್ ಸರ್ಕಲ್ ಎಲ್ಲಿ?' ಅಂತ ಕೇಳಿ. ನಮ್ಮ ರಾಜಾಜಿನಗರ ಹುಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲೆ. ಈ ಬೀದಿ ವಿಕ್ಟೋರಿಯಾ ರಾಣಿಯ ಕಾಲದ್ದು!

1882ರಲ್ಲಿ ಮೈಸೂರು ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3900 ಎಕರೆ ಕೊಟ್ಟರು. ರೈಲ್ವೆ, ತಂತಿ ಕಚೇರಿಯ ನೌಕರಿಯನ್ನೇ ನಂಬಿದ್ದ ಜನ ಸ್ವಂತ ನೆಲದಲ್ಲಿ ಬೇಸಾಯ ಮಾಡಿ ಬಾಳಲಿ ಎಂಬುದು ಉದ್ದೇಶ. ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ದುಂಡಗಿನ ಬೀದಿ, ಸುತ್ತ ತೋಟದ ಮನೆಗಳು. ಆ ಕಾಲದ ಬೆಂಗಳೂರು ಬಂಗಲೆಗಳ ಗತ್ತೇ ಬೇರೆ. ಇಳಿಜಾರು ಹೆಂಚು, ದಪ್ಪ ಗೋಡೆ, ಅಗಲವಾದ ವರಾಂಡ, ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳ ಚೂಪು ಟೊಪ್ಪಿ. ಅದಕ್ಕೆ 'ಮಂಕಿ ಟಾಪ್' ಅಂತ ಹೆಸರು. ಬಿಸಿಲು ತಡೆಯುತ್ತೆ, ಗಾಳಿ ಬಿಡುತ್ತೆ. ಫ್ಯಾನೇ ಬೇಡ ಸ್ವಾಮಿ!

1975ರ 'ಜೂಲಿ' ಗೊತ್ತಾ? ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಪ್ಪನನ್ನು ಕೇಳಿ, ಮುಖ ಕೆಂಪಾಗುತ್ತೆ! ನಟಿ ಲಕ್ಷ್ಮಿ ಅದರಲ್ಲಿ ಆಂಗ್ಲೋ ಇಂಡಿಯನ್ ಹುಡುಗಿ, ಆಕೆಯ ಅಪ್ಪ ರೈಲು ಎಂಜಿನ್ ಡ್ರೈವರ್. ಅಂಥ ಜನ ನೆಲೆ ಕಂಡುಕೊಳ್ಳಲೆಂದೇ ಹುಟ್ಟಿದ ಊರು ಇದು. 1947ರ ನಂತರ ಆ ಸಮುದಾಯದ ಎಷ್ಟೋ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಹೊರಟುಹೋದರು. 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂತು, ನೆಲಕ್ಕೆ ಚಿನ್ನದ ಬೆಲೆ ಬಂತು. ಹೆಂಚಿನ ಮನೆಗಳು ಒಂದೊಂದಾಗಿ ಉರುಳಿದವು. ಈಗ ಉಳಿದಿರುವುದು ಬೆರಳೆಣಿಕೆ.

ಮಾರಿದವರನ್ನು ಬೈದು ಏನು ಫಲ? ನೋಡಿ ಮೆಚ್ಚುವವರು ನಾವು, ಸೋರುವ ಸೂರಿಗೆ ದುಡ್ಡು ಸುರಿಯುವವರು ಅವರು. ಮರದ ಹಳೇ ಕೆಲಸ ಬಲ್ಲ ಬಡಗಿ ಸಿಗುವುದೂ ಕಷ್ಟ.

ಅದಕ್ಕೇ ಗಾಂಧಿನಗರದ ದೊರೆಗಳಿಗೆ ಈ ಪುಟದ ಅರ್ಜಿ. ಪ್ಲೈವುಡ್ಡಿನ ಬಂಗಲೆ ಕಟ್ಟಿ, ಶೂಟಿಂಗ್ ಮುಗಿದ ಮೇಲೆ ಒಡೆದುಹಾಕುವ ದುಡ್ಡಿನಲ್ಲಿ ನಿಜವಾದ ಮನೆಯೊಂದಕ್ಕೆ ಬಾಡಿಗೆ ಕೊಡಿ. ನಿಮಗೆ ಫ್ರೇಮು, ಅವರಿಗೆ ಹೆಂಚಿನ ಖರ್ಚು. ಈ ಸಲ ದೆವ್ವ ಬೇಡ, ಒಂದು ಸಂಸಾರ ಇರಲಿ.

ಅಭಿಮಾನಿ ದೇವರುಗಳೇ, ನೀವೂ ಹೋಗಿ ಬನ್ನಿ. ಆದರೆ ಗೇಟಿನಾಚೆಯೇ ನಿಂತು ನೋಡಿ. ಒಳಗೆ ಜನ ಇದ್ದಾರೆ, ಕಾಂಪೌಂಡ್ ಹಾರಿ ಹೀರೋ ಆಗಬೇಡಿ. ಬೇಗ ಹೋಗಿ. ಒಳ್ಳೇ ಸಿನಿಮಾ ಥಿಯೇಟರಿನಿಂದ ಎತ್ತಿದರೂ ಮರುಬಿಡುಗಡೆ ಆಗಬಹುದು. ಈ ಮನೆಗಳು ನೆಗೆಟಿವ್ ಇಲ್ಲದ ಪ್ರಿಂಟುಗಳು. ಹರಿದರೆ ಅಲ್ಲಿಗೆ 'ಶುಭಂ'!