ತವರಿನ ಬೀರುವಿನಲ್ಲಿ ಉಳಿದ ಆಪರೇಷನ್ ಚೀಟಿ

ತಾಳವಾಡಿ ಸೀಮೆಯ ಕನ್ನಡ ಮನೆಗಳಲ್ಲಿ ಚೊಚ್ಚಲ ಹೆರಿಗೆ ಎಂದರೆ ತವರಿನದು. ತವರು ಚಾಮರಾಜನಗರದ ಕಡೆ ಇದ್ದರೆ ಹೆರಿಗೆಯೂ ಅಲ್ಲೇ. ಎರಡನೆಯದು ಗಂಡನ ಮನೆಯ ಕಡೆ, ಅಂದರೆ ತಮಿಳುನಾಡಿನ ಆಸ್ಪತ್ರೆಯಲ್ಲಿ. ಮೊದಲನೆಯದು ಸಿಜೇರಿಯನ್ ಆಗಿದ್ದರೂ ಅದರ ಡಿಸ್ಚಾರ್ಜ್ ಚೀಟಿ ಎಷ್ಟೋ ಸಲ ತವರಿನ ಬೀರುವಿನಲ್ಲೇ ಉಳಿಯುತ್ತದೆ. 'ತಾಯಿ ಮಗು ಚೆನ್ನಾಗವ್ರಲ್ಲ, ಹಳೇ ಕಾಗ್ದ ಯಾಕೆ?' ಎನ್ನುವುದು ಮನೆಯವರ ಮಾತು. ಆದರೆ ಆ ಕಾಗದಕ್ಕೆ ಎರಡು ಜೀವದ ಬೆಲೆಯಿದೆ.

ಸಿಜೇರಿಯನ್‌ನಲ್ಲಿ ಗರ್ಭಕೋಶವನ್ನು ಕೊಯ್ದು ಹೊಲಿದಿರುತ್ತಾರೆ. ಮುಂದಿನ ಹೆರಿಗೆಯ ನೋವಿನಲ್ಲಿ ಆ ಹೊಲಿಗೆಯ ಜಾಗ ಬಿರಿಯಬಹುದು. ಕೆಳಭಾಗದಲ್ಲಿ ಒಮ್ಮೆ ಅಡ್ಡ ಕೊಯ್ದಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸುವ 200 ಮಂದಿಯಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಅಂಥವರಿಗೆ ನೋವು ಬರುವ ಮೊದಲೇ ಆಪರೇಷನ್ ಮಾಡುತ್ತಾರೆ. ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನ ಕೊಯ್ತ ಹೇಳಲಾಗದು, ಚೀಟಿಯೇ ಹೇಳಬೇಕು. ನೋವು ಬರಿಸುವ ಔಷಧಿ ಕೊಡಬೇಕೇ ಬೇಡವೇ ಎಂದು ವೈದ್ಯರು ತೀರ್ಮಾನಿಸುವುದಕ್ಕೂ ಅದು ಬೇಕು.

ಗರ್ಭಕೋಶ ಬಿರಿದರೆ ಮಗುವಿನ ಎದೆಬಡಿತ ಕುಸಿಯುತ್ತದೆ. ಬಿಟ್ಟುಬಿಟ್ಟು ಬರುತ್ತಿದ್ದ ನೋವು ಎಡೆಬಿಡದೆ ಕಾಡಬಹುದು, ಇಲ್ಲವೇ ಇದ್ದಕ್ಕಿದ್ದಂತೆ ನಿಂತುಹೋಗಬಹುದು. ರಕ್ತ ಹೊರಗೆ ಕಾಣದೆ ಹೊಟ್ಟೆಯೊಳಗೇ ಸುರಿಯಬಹುದು. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆಪರೇಷನ್ ಥಿಯೇಟರ್, ಅರಿವಳಿಕೆ ವೈದ್ಯರು, ರಕ್ತ ಮೂರೂ ಒಂದೇ ಕಡೆ ಇರಬೇಕು. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರುವಷ್ಟು ಪುರುಸೊತ್ತು ಇರುವುದಿಲ್ಲ.

ಕರ್ನಾಟಕದಲ್ಲಿ ತಾಯಿ ಕಾರ್ಡ್ ಇದೆ, ತಮಿಳುನಾಡಿನಲ್ಲಿ ಪಿಕ್‌ಮಿ ನಂಬರ್ ಇದೆ. ಎರಡೂ ಒಳ್ಳೆಯ ವ್ಯವಸ್ಥೆಗಳೇ. ಗಡಿ ದಾಟುವ ಹೆಣ್ಣುಮಗಳ ವಿವರವೂ ಅವಳ ಜೊತೆ ದಾಟುವಂತೆ ಎರಡೂ ಆರೋಗ್ಯ ಇಲಾಖೆಗಳು ಕೂತು ಮಾತಾಡಬೇಕು. ಅಲ್ಲಿಯವರೆಗೆ ಗಡಿ ಭಾಗದ ಪ್ರತಿ ಆಸ್ಪತ್ರೆ ಕೊಯ್ತದ ಬಗೆ ಮತ್ತು ಕಾರಣವನ್ನು ಚೀಟಿಯಲ್ಲಿ ಓದುವಂತೆ ಬರೆದು ಕೊಡಲಿ.

ಮನೆಯವರ ಪಾಲಿನ ಕೆಲಸವೂ ಇದೆ. ಒಂದು ಹೆರಿಗೆಯಾದ ಮೇಲೆ ಇನ್ನೊಂದು ಬಸಿರಿಗೆ ಎರಡು ವರ್ಷವಾದರೂ ಅಂತರವಿರಲಿ. ತಿಂಗಳು ತುಂಬುವ ಮೊದಲೇ ಹಳೇ ಚೀಟಿ ತೋರಿಸಿ, ಹೆರಿಗೆ ಎಲ್ಲಿ ಎಂದು ವೈದ್ಯರೊಂದಿಗೆ ತೀರ್ಮಾನಿಸಲಿ. ನೋವು ಶುರುವಾದ ಮೇಲೆ 'ಇನ್ನೂ ಸ್ವಲ್ಪ ನೋಡೋಣ' ಎಂದು ಮನೆಯಲ್ಲಿ ಕೂರುವುದು ಬೇಡ.

ಮಗು ಸಮೇತ ಮಗಳು ಗಂಡನ ಮನೆಗೆ ಹೊರಟಾಗ ತವರಿನವರು ಮಡಿಲು ತುಂಬಿ, ತೊಟ್ಟಿಲು ಕೊಟ್ಟು ಕಳಿಸುತ್ತಾರೆ. ಅದರ ಜೊತೆಗೆ ಆಪರೇಷನ್ ಚೀಟಿಯೂ ಹೋಗಲಿ.